ತಾರಸಿಯಿಂದ ಉಪಗ್ರಹಕ್ಕೆ: ಹೊಸ ಹ್ಯಾಮ್‌ಗಳು ಮೊದಲ ಪಾಸ್‌ಗಳಲ್ಲಿ ಎಡವುವುದು ಎಲ್ಲಿ?

ಎಸ್‌ಓ-50 ಉಪಗ್ರಹದ ಮೂಲಕ ಮಾತಾಡೋಣ ಅಂತ ಮೊದಲ ಸಲ ತಾರಸಿ ಹತ್ತಿದ ದಿನ ನಾನು ಹನ್ನೆರಡು ನಿಮಿಷ ಬಿಡದೆ ಕಾಲ್‌ಸೈನ್, ಅಂದರೆ ನನ್ನ ರೇಡಿಯೊ ಹೆಸರು, ಕೂಗಿದ್ದೆ. ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೊ ಬಳಸುವವರು; ಪಾಸ್ ಅಂದರೆ ಉಪಗ್ರಹ ನಮ್ಮ ದಿಗಂತದಲ್ಲಿ ಹುಟ್ಟಿ ಮುಳುಗುವ ತನಕದ ಓಟ. ಒಂದು ಕೈಯಲ್ಲಿ ಹ್ಯಾಂಡಿ (ವಾಕಿಟಾಕಿಯಂಥ ಕೈರೇಡಿಯೊ), ಇನ್ನೊಂದು ಕೈಯಲ್ಲಿ ಪಿವಿಸಿ ಪೈಪಿಗೆ ಸಿಕ್ಕಿಸಿದ ಯಾಗಿ ಆಂಟೆನಾ, ಕಾಲ ಬಳಿ ಅಮ್ಮ ಹರವಿದ್ದ ಸಂಡಿಗೆ. ಆ ಹನ್ನೆರಡು ನಿಮಿಷದಲ್ಲಿ ನನಗೆ ಸಿಕ್ಕ ಒಂದೇ ಉತ್ತರ ಪಕ್ಕದ ಮನೆಯವರದು: "ಏನಪ್ಪಾ, ಕೇಬಲ್ ಹೋಗಿದ್ಯಾ?"

ಉಪಗ್ರಹದ ತಪ್ಪೇನೂ ಇರಲಿಲ್ಲ. ಕೆಳಗಿಳಿದು ನೋಡಿದರೆ ಹ್ಯಾಂಡಿಯ ಸ್ಕ್ವೆಲ್ಚ್, ಅಂದರೆ ಸಣ್ಣ ಸಿಗ್ನಲ್ ಕೇಳಿಸದಂತೆ ಮುಚ್ಚಿಡುವ ಸೆಟ್ಟಿಂಗ್, ಐದರಲ್ಲಿತ್ತು. ಯಾರಾದರೂ ಉತ್ತರ ಕೊಟ್ಟಿದ್ದರೂ ನನ್ನ ರೇಡಿಯೊ ಅದನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿರುತ್ತಿತ್ತು. ಆಮೇಲಿನ ವರ್ಷಗಳಲ್ಲಿ ಹೊಸಬರ ಜತೆ ಕೂತು ಅವರ ತೊಂದರೆ ಕೇಳಿದಾಗೆಲ್ಲ ಇದೇ ಕಥೆ. ತೊಂಬತ್ತು ಪಾಲು ತೊಂದರೆ ಕಿವಿಯ ಕಡೆಯದು, ಬಾಯಿಯ ಕಡೆಯದಲ್ಲ. ಆದರೆ ಎಲ್ಲರೂ ಮೊದಲು ಯೋಚಿಸುವುದು ಇನ್ನೂ ಹೆಚ್ಚು ವಾಟ್ ಇರುವ ರೇಡಿಯೊ ಕೊಳ್ಳುವ ಬಗ್ಗೆ. ಅದಕ್ಕೇ ಈ ಬರಹದಲ್ಲಿ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತುವ ಮಾತು ಅರ್ಧ ದಾರಿ ಕಳೆದ ಮೇಲೆ ಬರುತ್ತದೆ.

ಲೈಸೆನ್ಸಿನ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ನಡೆಸುವ ಪರೀಕ್ಷೆ ಪಾಸಾಗಿ, ವಿಯು2 ಅಥವಾ ವಿಯು3 ಎಂದು ಶುರುವಾಗುವ ಕಾಲ್‌ಸೈನ್ ಕೈಗೆ ಬರುವ ತನಕ ಪಿಟಿಟಿ ಮುಟ್ಟಬೇಡಿ. ಕಾಯುವಷ್ಟು ದಿನ ಕೇಳುವ ಕೆಲಸ ಮಾಡಿ. ಅದರಲ್ಲೇ ಬೇಕಾದಷ್ಟು ಕಲಿಯುವುದಿದೆ.

ಯಾವ ಉಪಗ್ರಹದಿಂದ ಶುರು ಮಾಡಬೇಕು?

2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6 ರಾಕೆಟ್ ಕಾರ್ಟೊಸ್ಯಾಟ್-1ರ ಜತೆಗೆ ನಮ್ಮದೇ ಹ್ಯಾಮ್‌ಸ್ಯಾಟ್ ಅನ್ನೂ ಕೊಂಡೊಯ್ದಿತ್ತು. ಆಮೇಲೆ ಅದಕ್ಕೆ ವಿಓ-52 ಎಂಬ ಹೆಸರು ಬಂತು. 42.5 ಕಿಲೋ ತೂಕದ ಆ ಪುಟ್ಟ ಉಪಗ್ರಹ 2014ರ ಜುಲೈನಲ್ಲಿ ಬ್ಯಾಟರಿ ಕೈಕೊಡುವವರೆಗೂ ದೇಶ ವಿದೇಶದ ಹ್ಯಾಮ್‌ಗಳ ಮಾತನ್ನು ದಾಟಿಸಿತು. ಹಳಬರು ಈಗಲೂ ಅದರ ಮಾತೆತ್ತಿದರೆ ತೌರುಮನೆ ನೆನೆದಂತೆ ಆಡುತ್ತಾರೆ. ಹಳೆಯ ಟಿಪ್ಪಣಿಗಳಲ್ಲಿ ಅದರ ತರಂಗಾಂತರ ಕಂಡು ಇವತ್ತು ಟ್ಯೂನ್ ಮಾಡಿ ಕೂರಬೇಡಿ. ಯಾವ ಉಪಗ್ರಹ ಬದುಕಿದೆ, ಯಾವುದು ಮಲಗಿದೆ ಎಂಬುದನ್ನು ಹ್ಯಾಮ್ ಉಪಗ್ರಹಗಳ ಸಂಘಟನೆಯಾದ ಆಮ್‌ಸ್ಯಾಟ್‌ನ ಸ್ಟೇಟಸ್ ಪುಟದಲ್ಲಿ ಜಗತ್ತಿನ ಹ್ಯಾಮ್‌ಗಳು ಆಗಾಗ ಗುರುತು ಹಾಕುತ್ತಿರುತ್ತಾರೆ. ತಾರಸಿ ಹತ್ತುವ ಮುಂಚೆ ಪ್ರತಿ ಸಲವೂ ಅದನ್ನು ನೋಡಿ.

ಹೊಸಬರಿಗೆ ಎಫ್‌ಎಂ ಉಪಗ್ರಹಗಳೇ ಸರಿ. ಅವು ಆಕಾಶದಲ್ಲಿ ಓಡಾಡುವ ರಿಪೀಟರ್‌ಗಳು: ಒಂದು ಬ್ಯಾಂಡಿನಲ್ಲಿ (ತರಂಗಾಂತರಗಳ ಪಟ್ಟಿಯಲ್ಲಿ) ಕೇಳಿಸಿಕೊಂಡು ಇನ್ನೊಂದರಲ್ಲಿ ಹೇಳುತ್ತವೆ. ನಾವು ಕಳಿಸುವುದು ಅಪ್‌ಲಿಂಕ್, ಅಲ್ಲಿಂದ ಕೇಳುವುದು ಡೌನ್‌ಲಿಂಕ್; ಮಾತಿನ ಜತೆ ಸೇರಿಸಿ ಕಳಿಸುವ, ರಿಪೀಟರಿನ ಬಾಗಿಲು ತೆರೆಯುವ ಸಣ್ಣ ದನಿ ಟೋನ್. 2002ರ ಡಿಸೆಂಬರಿನಲ್ಲಿ ಹಾರಿದ ಎಸ್‌ಓ-50 ಅಂಥದ್ದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕ್ರಾಸ್‌ಬ್ಯಾಂಡ್ ರಿಪೀಟರ್ ಇನ್ನೊಂದು: ಅಪ್‌ಲಿಂಕ್ 145.990, ಡೌನ್‌ಲಿಂಕ್ 437.800 ಮೆಗಾಹರ್ಟ್ಝ್, 67 ಹರ್ಟ್ಝ್ ಟೋನ್. ಇದರ ಸಿಗ್ನಲ್ ಜೋರು, ಹಾಗಾಗಿ ಕೇಳಲು ಸುಲಭ. ಆದರೆ ಗಗನಯಾತ್ರಿಗಳು ಹೊರಗೆ ನಡೆಯುವಾಗ, ನೌಕೆಗಳು ಬಂದು ಸೇರುವಾಗ, ಶಾಲಾ ಮಕ್ಕಳ ಜತೆ ಮಾತಿರುವಾಗ ಇದನ್ನು ಆಫ್ ಮಾಡುವುದೋ ಮೋಡ್ ಬದಲಿಸುವುದೋ ಉಂಟು.

ನಮ್ಮ ಕಡೆಯವರು ಮರೆಯಬಾರದ ಮೂರನೆಯದು ಇಂಡೊನೇಷ್ಯಾದ ಐಓ-86. 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಜತೆಗೆ ನಮ್ಮ ಪಿಎಸ್‌ಎಲ್‌ವಿಯಲ್ಲೇ ಹೋದದ್ದು. ಭೂಮಧ್ಯರೇಖೆಗೆ ಆರು ಡಿಗ್ರಿಯಷ್ಟೇ ಓರೆಯಾದ ಕಕ್ಷೆ ಅದರದು. ಯುರೋಪಿನ ಹ್ಯಾಮ್‌ಗಳಿಗೆ ಅದು ಕಾಣುವುದೇ ಇಲ್ಲ. ನಮಗೋ ಹೆಚ್ಚುಕಡಿಮೆ ಪ್ರತಿ ಸುತ್ತಿನಲ್ಲೂ ದಕ್ಷಿಣದ ದಿಗಂತದಲ್ಲಿ ಹಾಜರಿ ಹಾಕುತ್ತದೆ. ಬೆಂಗಳೂರಿನಿಂದ ಸುಮಾರು 35 ಡಿಗ್ರಿಗಿಂತ ಮೇಲೆ ಏರುವುದಿಲ್ಲ, ಬೀದರಿನವರಿಗೆ ಇನ್ನೂ ಕೆಳಗೆ. ಅಪ್‌ಲಿಂಕ್ 145.880, ಟೋನ್ 88.5, ಡೌನ್‌ಲಿಂಕ್ 435.880. ಧ್ವನಿ ರಿಪೀಟರ್ ಸದಾ ತೆರೆದಿರುವುದಿಲ್ಲ, ವೇಳಾಪಟ್ಟಿ ಪ್ರಕಾರ ಹಚ್ಚುತ್ತಾರೆ. ದಕ್ಷಿಣಕ್ಕೆ ಅಪಾರ್ಟ್‌ಮೆಂಟ್ ಎದ್ದಿರುವ ಮನೆಯವರು ಇದರ ಆಸೆ ಬಿಡಬೇಕು.

ಒಂದು ಎಚ್ಚರಿಕೆ. ವಿದೇಶದ ವಿಡಿಯೊಗಳನ್ನು ನೋಡಿ ಎಓ-7 ಮೇಲೆ ಆಸೆ ಹುಟ್ಟುವುದು ಸಹಜ. 1974ರಲ್ಲಿ ಹಾರಿ, 1981ರಲ್ಲಿ ಬ್ಯಾಟರಿ ಕೆಟ್ಟು ಸತ್ತು, 2002ರಲ್ಲಿ ಬಿಸಿಲಿನ ಬಲದಿಂದಲೇ ಎದ್ದು ಕೂತ ಉಪಗ್ರಹ ಅದು. ಆದರೆ ಮೋಡ್-ಬಿ ಎಂಬ ವಿಧಾನದಲ್ಲಿ ಅದರ ಅಪ್‌ಲಿಂಕ್ ಇರುವುದು 432.125ರಿಂದ 432.175ರಲ್ಲಿ. ಭಾರತದಲ್ಲಿ ನಮಗೆ ಕೊಟ್ಟಿರುವ 70 ಸೆಂಟಿಮೀಟರ್ ಬ್ಯಾಂಡ್ 434ರಿಂದ 438 ಮೆಗಾಹರ್ಟ್ಝ್. ಮೋಡ್-ಬಿಯಲ್ಲಿ ಕೇಳಬಹುದು, ಕರೆಯುವಂತಿಲ್ಲ. ಯಾವುದೇ ಹೊಸ ಉಪಗ್ರಹಕ್ಕೆ ಕೈಹಾಕುವ ಮುಂಚೆ ಅಪ್‌ಲಿಂಕನ್ನು ನಿಮ್ಮ ಲೈಸೆನ್ಸ್ ಜತೆ ಹೋಲಿಸಿ ನೋಡಿ.

ಯಾವಾಗ, ಯಾವ ದಿಕ್ಕಿಗೆ?

ಜಿಪ್ರೆಡಿಕ್ಟ್, ಲುಕ್‌ಫೋರ್‌ಸ್ಯಾಟ್, ಹೆವೆನ್ಸ್ ಅಬೌವ್ — ಯಾವುದಾದರೂ ಸರಿ. ತಪ್ಪು ಆಗುವುದು ಆ್ಯಪ್‌ನಲ್ಲಲ್ಲ, ಅದಕ್ಕೆ ನಾವು ಕೊಡುವ ಮಾಹಿತಿಯಲ್ಲಿ. ಕಕ್ಷೆಯ ವಿವರ, ಅಂದರೆ ಟಿಎಲ್‌ಇ, ತಿಂಗಳುಗಟ್ಟಲೆ ಹಳೆಯದಾದರೆ ಪಾಸ್ ಸಮಯ ಜರುಗುತ್ತದೆ. ಬಾಹ್ಯಾಕಾಶ ನಿಲ್ದಾಣದ್ದಂತೂ ಕೆಳಕಕ್ಷೆ, ಮೇಲಾಗಿ ಆಗಾಗ ಅದನ್ನು ಮೇಲಕ್ಕೆ ತಳ್ಳುತ್ತಿರುತ್ತಾರೆ, ಆದ್ದರಿಂದ ಒಂದೆರಡು ದಿನಕ್ಕೊಮ್ಮೆ ಅಪ್‌ಡೇಟ್ ಮಾಡಿ. ಎರಡನೆಯದು ಯುಟಿಸಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ನನ್ನ ಗೆಳೆಯರೊಬ್ಬರು ಒಂದು ವಾರ ಪೂರ್ತಿ ಐದೂವರೆ ಗಂಟೆ ಮೊದಲೇ ತಾರಸಿ ಹತ್ತಿ ಆಕಾಶಕ್ಕೆ ಯಾಗಿ ಹಿಡಿದು ನಿಂತಿದ್ದರು. ಉಪಗ್ರಹ ಸತ್ತಿದೆ ಅಂತ ಸ್ಟೇಟಸ್ ಪುಟದಲ್ಲಿ ಗುರುತು ಬೇರೆ ಹಾಕಿದ್ದರು!

ಪಾಸ್ ಆರಿಸುವಾಗ ಗರಿಷ್ಠ ಎತ್ತರ 30ರಿಂದ 70 ಡಿಗ್ರಿ ಇರುವುದನ್ನು ಹಿಡಿಯಿರಿ. ಅದಕ್ಕಿಂತ ಕೆಳಗಿನದಕ್ಕೆ ಮರ, ಮನೆ ಅಡ್ಡ. 85, 90 ಡಿಗ್ರಿಯದು ಕಾಗದದ ಮೇಲೆ ಚೆಂದ. ಕೈಯಲ್ಲಿ ಆಂಟೆನಾ ಹಿಡಿದವರಿಗೆ ಅದು ನೆತ್ತಿ ದಾಟುವ ಆ ಒಂದು ನಿಮಿಷ ಎತ್ತ ತಿರುಗಬೇಕೆಂದೇ ತಿಳಿಯುವುದಿಲ್ಲ. ಮೂರು ಬಿಂದುಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಎಲ್ಲಿ ಹುಟ್ಟುತ್ತದೆ, ಎಲ್ಲಿ ಅತಿ ಎತ್ತರ, ಎಲ್ಲಿ ಮುಳುಗುತ್ತದೆ. ಡಿಗ್ರಿ ಲೆಕ್ಕವನ್ನು ಗುರುತುಗಳಿಗೆ ಬದಲಾಯಿಸಿ. ನನಗೆ 210 ಡಿಗ್ರಿ ಅಂದರೆ ಎದುರು ಮನೆಯ ನೀರಿನ ಟ್ಯಾಂಕ್, 320 ಅಂದರೆ ಮೂಲೆಯ ತೆಂಗಿನಮರ. ಫೋನಿನ ದಿಕ್ಸೂಚಿಯನ್ನು ಪೂರಾ ನಂಬಬೇಡಿ, ತಾರಸಿಯ ಕಾಂಕ್ರೀಟಿನೊಳಗಿನ ಕಬ್ಬಿಣ ಅದಕ್ಕೆ ಭ್ರಮೆ ಹಿಡಿಸುತ್ತದೆ.

ಕೇಳುವ ಕೆಲಸ

ಎಸ್‌ಓ-50ರ ಟ್ರಾನ್ಸ್‌ಮಿಟರ್ ಶಕ್ತಿ ಕಾಲು ವಾಟ್. ನಿಮ್ಮ ಹ್ಯಾಂಡಿ ಐದು ವಾಟ್ ಬಿಡುತ್ತದೆ, ಅದರ ಇಪ್ಪತ್ತರಲ್ಲೊಂದು ಪಾಲು ಅದು. ನೆತ್ತಿಯ ಮೇಲಿದ್ದಾಗ ಅದು ಏಳುನೂರು ಕಿಲೋಮೀಟರಿನಷ್ಟು ದೂರ. ದಿಗಂತದಲ್ಲಿ ಹುಟ್ಟುವಾಗ ಮೂರು ಸಾವಿರದ ಹತ್ತಿರ. ಅಷ್ಟು ದೂರದಿಂದ ಅಷ್ಟು ಸಣ್ಣ ಧ್ವನಿ ಬರುತ್ತಿದೆ ಅಂದಮೇಲೆ ಹ್ಯಾಂಡಿಯ ಜತೆ ಬಂದ ಮೊಂಡು ರಬ್ಬರ್ ಆಂಟೆನಾ ಸಾಲದು ಎಂಬುದು ಅರ್ಥವಾದೀತು.

ಆಂಟೆನಾ ಮನೆಯಲ್ಲೇ ಮಾಡಿಕೊಳ್ಳಬಹುದು. ಪಿವಿಸಿ ಪೈಪ್ ಬೂಮ್ (ನಡುಕೋಲು), ಉಕ್ಕಿನ ಅಳತೆ ಟೇಪಿನ ತುಂಡುಗಳೋ ಅಲ್ಯುಮಿನಿಯಂ ಸರಳುಗಳೋ ಎಲಿಮೆಂಟ್ (ಅಡ್ಡಕಡ್ಡಿಗಳು). 2 ಮೀಟರ್ (145 ಮೆಗಾಹರ್ಟ್ಝ್) ಬ್ಯಾಂಡಿಗೆ ಎಲಿಮೆಂಟ್ ಸುಮಾರು ಒಂದು ಮೀಟರ್ ಉದ್ದ, 70 ಸೆಂಟಿಮೀಟರಿಗೆ ಅದರ ಮೂರರಲ್ಲೊಂದು. ಕೆಳಗಿನ ಬ್ಯಾಂಡಿಗೆ ಮೂರು, ಮೇಲಿನದಕ್ಕೆ ಐದು ಎಲಿಮೆಂಟ್ ಇದ್ದರೆ ಧಾರಾಳ. ಕೇಬಲ್ ಆದಷ್ಟು ಗಿಡ್ಡ ಇರಲಿ. ತಾರಸಿಯ ಯಾಗಿಯಿಂದ ಕೆಳಗಿನ ಕೋಣೆಗೆ ಹತ್ತು ಮೀಟರ್ ಆರ್‌ಜಿ-58 ಎಳೆದರೆ 435 ಮೆಗಾಹರ್ಟ್ಝ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಸಿಗ್ನಲ್ ಕೇಬಲ್ಲೇ ನುಂಗುತ್ತದೆ. ನೀವೇ ಮೇಲೆ ಹೋಗಿ, ರೇಡಿಯೊ ಕೈಯಲ್ಲಿರಲಿ.

ಇನ್ನು ಪಾಸ್ ಶುರುವಾಯಿತು ಅಂದುಕೊಳ್ಳಿ. ಸ್ಕ್ವೆಲ್ಚ್ ಸೊನ್ನೆ. ಟೋನ್ ಸ್ಕ್ವೆಲ್ಚ್ ಬೇಡ, ಟೋನ್ ಕಳಿಸುವ ಕಡೆ ಮಾತ್ರ. ಇಯರ್‌ಫೋನ್ ಹಾಕಿಕೊಳ್ಳಿ. ಮೊದಲು ಕೇಳುವುದು ಎಣ್ಣೆಯಲ್ಲಿ ಹಪ್ಪಳ ಕರಿಯುವಂಥ ಸದ್ದು. ಉಪಗ್ರಹ ಮೇಲೇರಿದಂತೆ ಆ ಸದ್ದು ತಗ್ಗುತ್ತದೆ. ಮಾತು ಬರುವ ಮುಂಚೆ ಈ ತಗ್ಗುವಿಕೆಯೇ ಸುಳಿವು; ಇದನ್ನು ಗುರುತಿಸಲು ಕಿವಿಗೆ ನಾಲ್ಕೈದು ಪಾಸ್ ಅಭ್ಯಾಸ ಬೇಕು.

ಸಿಗ್ನಲ್ ಸಿಕ್ಕಿ ಥಟ್ಟನೆ ಮಾಯವಾದರೆ ದಿಕ್ಕು ಬದಲಿಸುವ ಮುಂಚೆ ಮಣಿಕಟ್ಟು ತಿರುಗಿಸಿ. ಉಪಗ್ರಹ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ, ಅದರ ಅಲೆಯ ಧ್ರುವೀಕರಣ, ಅಂದರೆ ಅಲೆ ಅಡ್ಡಕ್ಕೋ ಉದ್ದಕ್ಕೋ ಆಡುವ ದಿಕ್ಕು, ಬದಲಾಗುತ್ತಲೇ ಇರುತ್ತದೆ. ಅಡ್ಡಲಾಗಿದ್ದ ಯಾಗಿಯನ್ನು ಉದ್ದಕ್ಕೆ ಹೊರಳಿಸಿದೊಡನೆ, ಸತ್ತೇ ಹೋಯಿತು ಅಂದುಕೊಂಡ ಧ್ವನಿ ಕಿವಿಯ ಪಕ್ಕದಲ್ಲೇ ಮಾತಾಡಿದಷ್ಟು ಸ್ಪಷ್ಟವಾಗಿ ಬರುವುದನ್ನು ಒಮ್ಮೆ ಕಂಡರೆ ಸಾಕು, ಆಮೇಲೆ ಯಾರೂ ಹೇಳಿಕೊಡಬೇಕಿಲ್ಲ. ಚಿಲಕ ತಿರುಗಿಸುವ ಹಾಗೆ ನಿಧಾನಕ್ಕೆ ಹೊರಳಿಸುತ್ತಾ ಇರಿ.

ಆಮೇಲೆ ಡಾಪ್ಲರ್. ರೈಲು ಹತ್ತಿರ ಬರುವಾಗ ಅದರ ಶಿಳ್ಳೆ ಏರುದನಿ, ದಾಟಿದ ಮೇಲೆ ಇಳಿದನಿ ಅಲ್ಲವೇ? ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುವ ಉಪಗ್ರಹದ ತರಂಗಾಂತರವೂ ಹಾಗೆಯೇ. 435ರ ಬ್ಯಾಂಡಿನಲ್ಲಿ ಇದು ಹತ್ತು ಕಿಲೋಹರ್ಟ್ಝ್‌ನಷ್ಟು ಮೇಲೆ, ಹತ್ತು ಕೆಳಗೆ. ನಿಗದಿತ ತರಂಗಾಂತರದಲ್ಲೇ ಕೂತರೆ ಪಾಸ್‌ನ ನಡುವೆ ಒಂದೆರಡು ನಿಮಿಷ ಮಾತ್ರ ಚೆನ್ನಾಗಿ ಕೇಳಿಸುತ್ತದೆ. 145ರಲ್ಲಿ ಇದು ಮೂರೂವರೆ ಕಿಲೋಹರ್ಟ್ಝ್ ಅಷ್ಟೇ, ಎಫ್‌ಎಂಗೆ ಅದು ಲೆಕ್ಕಕ್ಕಿಲ್ಲ. ಆದ್ದರಿಂದ ಕಳಿಸುವುದನ್ನು ಮುಟ್ಟದೆ, ಕೇಳುವುದನ್ನು ಮಾತ್ರ ಇಳಿಸುತ್ತಾ ಹೋಗಬೇಕು. ಎಸ್‌ಓ-50ಕ್ಕೆ ಹ್ಯಾಂಡಿಯ ಮೆಮೊರಿಯಲ್ಲಿ ಹೀಗೆ ತುಂಬಿಕೊಳ್ಳಿ:

ಚಾನೆಲ್ 1: ಕಳಿಸುವುದು 145.850, ಟೋನ್ 74.4, ಕೇಳುವುದು 436.795
ಚಾನೆಲ್ 2: ಕಳಿಸುವುದು 145.850, ಟೋನ್ 67.0, ಕೇಳುವುದು 436.805
ಚಾನೆಲ್ 3: ಅದೇ, ಕೇಳುವುದು 436.800
ಚಾನೆಲ್ 4: ಅದೇ, ಕೇಳುವುದು 436.795
ಚಾನೆಲ್ 5: ಅದೇ, ಕೇಳುವುದು 436.790
ಚಾನೆಲ್ 6: ಅದೇ, ಕೇಳುವುದು 436.785

ಎರಡರಿಂದ ಶುರು ಮಾಡಿ, ಮಾತು ಒಡೆದಂತೆ ಕೇಳಿಸತೊಡಗಿದಾಗ ಮುಂದಿನದಕ್ಕೆ ಹೋಗಿ. ಉಪಗ್ರಹ ಅತಿ ಹತ್ತಿರ ಬಂದಾಗ ಬದಲಾವಣೆ ಬಿರುಸು. ಮೂರರಿಂದ ಐದಕ್ಕೆ ಒಂದೆರಡು ನಿಮಿಷದಲ್ಲೇ ಓಡಬೇಕಾಗುತ್ತದೆ.

ನನ್ನ ಮಾತು ಕೇಳುವುದಾದರೆ ಒಂದು ವಾರ ಬರೀ ಕೇಳಿ. ಪ್ರತಿ ಪಾಸನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ. ಹ್ಯಾಂಡಿ ಇನ್ನೂ ಕೊಂಡಿಲ್ಲದವರು ಕಂಪ್ಯೂಟರಿಗೆ ಸಿಕ್ಕಿಸಿ ರೇಡಿಯೊ ಕೇಳುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಒಂದರಿಂದಲೇ ಶುರು ಮಾಡಬಹುದು. ಪರದೆಯ ಮೇಲೆ ಡಾಪ್ಲರ್‌ನ ಓರೆ ಗೆರೆ ಕಣ್ಣಿಗೇ ಕಾಣುವುದರಿಂದ ಪಾಠ ಬೇಗ ತಲೆಗೆ ಹತ್ತುತ್ತದೆ. ಬಾಹ್ಯಾಕಾಶ ನಿಲ್ದಾಣದಿಂದ 145.800ರಲ್ಲಿ ಆಗಾಗ ಎಸ್‌ಎಸ್‌ಟಿವಿ ಚಿತ್ರಗಳು (ಸದ್ದಿನ ರೂಪದಲ್ಲಿ ಕಳಿಸುವ ಸ್ಥಿರಚಿತ್ರಗಳು) ಬರುತ್ತವೆ. ಆ ದಿನ ಹ್ಯಾಂಡಿಯ ಸ್ಪೀಕರಿನ ಮುಂದೆ ರೋಬೋಟ್36 ಆ್ಯಪ್ ತೆರೆದ ಫೋನ್ ಹಿಡಿದರೆ ಚಿತ್ರ ಗೆರೆ ಗೆರೆಯಾಗಿ ಇಳಿಯುತ್ತದೆ. ಮನೆಯವರನ್ನು ತಾರಸಿಗೆ ಕರೆಯಬೇಕಾದ ದಿನ ಅದು. ನೀವು ದಿನಾ ಅಲ್ಲಿ ಏನು ಮಾಡುತ್ತೀರಿ ಎಂಬ ಪ್ರಶ್ನೆ ಮತ್ತೆ ಬರುವುದಿಲ್ಲ.

ಈಗ ಪಿಟಿಟಿ

ಎಸ್‌ಓ-50 ಬ್ಯಾಟರಿ ಉಳಿಸಲು ಹತ್ತು ನಿಮಿಷದ ಟೈಮರ್ ಇಟ್ಟುಕೊಂಡಿದೆ. 74.4 ಟೋನ್ ಜತೆ ಎರಡು ಸೆಕೆಂಡ್ ಪಿಟಿಟಿ ಒತ್ತಿದರೆ ಅದು ಎಚ್ಚರಗೊಳ್ಳುತ್ತದೆ. ಆಮೇಲೆ ಮಾತಿಗೆ 67 ಟೋನ್. ಹ್ಯಾಮ್‌ಗಳು ಕಿಕ್ಕಿರಿದ ಯುರೋಪ್, ಅಮೆರಿಕದ ಮೇಲೆ ಯಾರೋ ಒಬ್ಬರು ಈ ಕೆಲಸ ಮುಗಿಸಿರುತ್ತಾರೆ, ಅಲ್ಲಿಯವರ ಮಾರ್ಗದರ್ಶಿಗಳಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನಮ್ಮ ಕಡೆ ಪಾಸ್ ಎಷ್ಟೋ ಸಲ ಖಾಲಿ. ಬಾಗಿಲು ನೀವೇ ತೆರೆಯಬೇಕು. ಮೇಲೆ ಚಾನೆಲ್ 1 ಇಟ್ಟದ್ದು ಅದಕ್ಕೇ.

ಆದರೆ ಬಾಗಿಲು ತೆರೆಯಿತೋ ಇಲ್ಲವೋ ಗೊತ್ತಾಗುವುದು ಹೇಗೆ? ಇಲ್ಲೇ ಹೊಸಬರ ಎರಡನೇ ದೊಡ್ಡ ತೊಡಕು. ಅಗ್ಗದ ಹ್ಯಾಂಡಿಗಳು ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತವೆ: ಮಾತಾಡುವಾಗ ಕೇಳಿಸಿಕೊಳ್ಳುವುದಿಲ್ಲ. ಉಪಗ್ರಹದಲ್ಲಿ ನಿಮ್ಮದೇ ದನಿ ವಾಪಸ್ ಬರುವುದನ್ನು ಕೇಳುತ್ತಾ ಮಾತಾಡುವುದು, ಅಂದರೆ ಫುಲ್ ಡ್ಯುಪ್ಲೆಕ್ಸ್, ಅರ್ಧ ಸಮಸ್ಯೆಗಳನ್ನು ಒಂದೇ ಏಟಿಗೆ ಕಳೆಯುತ್ತದೆ. ದುಬಾರಿ ರೇಡಿಯೊ ಬೇಕಿಲ್ಲ, ಎರಡು ಅಗ್ಗದ ಹ್ಯಾಂಡಿ ಸಾಕು: ಒಂದು ಕಳಿಸಲು, ಒಂದು ಕೇಳಲು. ನಾನು ಹೀಗೆ ಜೋಡಿಸಿಕೊಂಡ ಮೊದಲ ಸಂಜೆ ಇಯರ್‌ಫೋನಿನಲ್ಲಿ ನನ್ನ ಕಾಲ್‌ಸೈನ್ ಕೇಳಿಸಿತು, ಅದರ ಹಿಂದೆಯೇ ನಮ್ಮ ಅಡುಗೆಮನೆಯ ಕುಕ್ಕರಿನ ಸೀಟಿ. ಕುಕ್ಕರ್ ಏಳುನೂರು ಕಿಲೋಮೀಟರ್ ಮೇಲೆ ಹೋಗಿ ಬಂದಿತ್ತು.

ಎರಡು ರೇಡಿಯೊ ಇಟ್ಟುಕೊಂಡವರಿಗೆ ಇನ್ನೊಂದು ತಲೆನೋವು ಕಾದಿರುತ್ತದೆ. ಪಿಟಿಟಿ ಒತ್ತಿದೊಡನೆ ಡೌನ್‌ಲಿಂಕ್ ಕಿವುಡಾಗುತ್ತದೆ. ಕಾರಣ ಸರಳ: 145.850ರ ಮೂರು ಪಟ್ಟು 437.550, ಕೇಳುವ ಬ್ಯಾಂಡಿನ ಮಡಿಲಲ್ಲೇ ಬಂದು ಬೀಳುತ್ತದೆ. ಜತೆಗೆ ಪಕ್ಕದಲ್ಲೇ ಇರುವ ಐದು ವಾಟ್ ಅಗ್ಗದ ರಿಸೀವರಿನ ಕಿವಿ ಮುಚ್ಚಿಸುತ್ತದೆ. ಮೊದಲು ಪವರನ್ನು ಕಡಿಮೆ ಮಾಡಿ. ಎರಡು ಆಂಟೆನಾಗಳನ್ನು ಒಂದಕ್ಕೊಂದು ಅಡ್ಡವಾಗಿ ಕೂರಿಸಿ. ಆದರೂ ಬಗ್ಗದಿದ್ದರೆ ಎರಡು ಬ್ಯಾಂಡುಗಳನ್ನು ಬೇರ್ಪಡಿಸುವ ಡಿಪ್ಲೆಕ್ಸರ್ ಹಾಕಿ.

ಮಾತು ಎಷ್ಟು ಚಿಕ್ಕದಿದ್ದರೆ ಅಷ್ಟು ಚೆನ್ನ. ಎಫ್‌ಎಂ ಉಪಗ್ರಹದಲ್ಲಿ ಇರುವುದು ಒಂದೇ ಚಾನೆಲ್, ಹತ್ತೋ ಹದಿನೈದೋ ನಿಮಿಷ. ಲೋಕಲ್ ರಿಪೀಟರಿನಲ್ಲಿ ಊಟ ಆಯ್ತಾ, ಮಳೆ ಬಂತಾ ಅಂತ ಕೇಳುವ ಚಾಳಿ ಇಲ್ಲಿ ನಡೆಯದು. ಕಾಲ್‌ಸೈನ್, ಗ್ರಿಡ್ (ಭೂಪಟದ ಚೌಕಗಳಲ್ಲಿ ನಿಮ್ಮ ಊರಿನ ಗುರುತು), ಸಿಗ್ನಲ್ ವರದಿ, ಅಷ್ಟೇ. ಗ್ರಿಡ್ ಮೊದಲೇ ಗೊತ್ತಿರಲಿ: ಬೆಂಗಳೂರು, ಮೈಸೂರು ಎಂಕೆ82, ಮಂಗಳೂರು ಎಂಕೆ72, ಶಿವಮೊಗ್ಗ ಎಂಕೆ73, ಹುಬ್ಬಳ್ಳಿ, ಬೆಳಗಾವಿ ಎಂಕೆ75, ಕಲಬುರಗಿ ಎಂಕೆ87. ಇಬ್ಬರು ಮಾತಾಡುತ್ತಿದ್ದರೆ ಮುಗಿಯುವ ತನಕ ಕಾಯಿರಿ. ಉದ್ದುದ್ದ ಸಿಕ್ಯೂ (ಯಾರಾದರೂ ಇದ್ದೀರಾ ಎಂಬ ಕರೆ) ಬೇಡ. ಕಾಲ್‌ಸೈನ್ ಒಂದು ಸಲ ಹೇಳಿ, ಕಿವಿಗೊಡಿ. ನಿಮಗೇ ಡೌನ್‌ಲಿಂಕ್ ಕೇಳಿಸದಿದ್ದರೆ ಕಳಿಸಲೇಬೇಡಿ. ಬಾಯಿ ದೊಡ್ಡದು, ಕಿವಿ ಚಿಕ್ಕದು ಆದವರನ್ನು ಹ್ಯಾಮ್‌ಗಳು ಮೊಸಳೆ ಅಂತ ಕರೆಯುವುದು ಸುಮ್ಮನಲ್ಲ.

ಇನ್ನೊಂದು ವಿಷಯ ಪುಸ್ತಕದಲ್ಲಿ ಸಿಗುವುದಿಲ್ಲ. ಸಂಜೆ ಹೊತ್ತು ಮೈದಾನದಲ್ಲೋ ಗುಡ್ಡದ ಮೇಲೋ ವಾಕಿಟಾಕಿ ಮತ್ತು ಮುಳ್ಳುಮುಳ್ಳಾದ ಆಂಟೆನಾ ಹಿಡಿದು ಆಕಾಶಕ್ಕೆ ಗುರಿಯಿಟ್ಟು ಇಂಗ್ಲಿಷಿನಲ್ಲಿ ಕೂಗುವವರನ್ನು ಕಂಡು ಜನ ಪೊಲೀಸರಿಗೆ ಫೋನ್ ಮಾಡಿದರೆ ತಪ್ಪೇನಲ್ಲ. ಲೈಸೆನ್ಸಿನ ಪ್ರತಿ ಜೇಬಿನಲ್ಲಿರಲಿ, ಗುಂಪು ಸೇರಿದವರಿಗೆ ಇಯರ್‌ಫೋನ್ ಕೊಟ್ಟು ಕೇಳಿಸಿ.

ಎಫ್‌ಎಂ ಆದ ಮೇಲೆ

ಇಪ್ಪತ್ತು ಮೂವತ್ತು ಸಂಪರ್ಕ ಆದ ಮೇಲೆ ಎಫ್‌ಎಂನ ಇಕ್ಕಟ್ಟು ಬೇಸರ ತರಿಸುತ್ತದೆ. ಆಗ ಎಸ್‌ಎಸ್‌ಬಿ (ಎಫ್‌ಎಂಗಿಂತ ಕಡಿಮೆ ಜಾಗದಲ್ಲಿ ಮಾತು ಸಾಗಿಸುವ ವಿಧಾನ; ಎಲ್‌ಎಸ್‌ಬಿ, ಯುಎಸ್‌ಬಿ ಅದರ ಎರಡು ಬಗೆ) ಇರುವ ರೇಡಿಯೊ ಹುಡುಕಿ ಆರ್‌ಎಸ್-44 ಉಪಗ್ರಹಕ್ಕೆ ಹೋಗಿ. ಇದರ ಕಕ್ಷೆ 1,200ರಿಂದ 1,500 ಕಿಲೋಮೀಟರ್ ಆಸುಪಾಸು, ಪಾಸ್ ಇಪ್ಪತ್ತು ನಿಮಿಷದವರೆಗೂ ನಡೆಯುತ್ತದೆ, ಏಳು ಸಾವಿರ ಕಿಲೋಮೀಟರ್ ಆಚೆಯವರೂ ಸಿಗುವಷ್ಟು ಹರವು. 145.935ರಿಂದ 145.995ರವರೆಗೆ ಎಲ್‌ಎಸ್‌ಬಿಯಲ್ಲಿ ಕಳಿಸಿದ್ದು 435.610ರಿಂದ 435.670ರ ನಡುವೆ ಯುಎಸ್‌ಬಿಯಾಗಿ, ತಲೆಕೆಳಗಾಗಿ ಬರುತ್ತದೆ: ನೀವು ಮೇಲೆ ಹೋದರೆ ಅದು ಕೆಳಗೆ. ಎರಡನ್ನೂ ಕೂಡಿದರೆ 581.605 ಬರಬೇಕು, ಒಂದು ಗೊತ್ತಿದ್ದರೆ ಇನ್ನೊಂದನ್ನು ಕಳೆದು ತೆಗೆಯಬಹುದು. ಅದರ ಮೇಲೆ ಡಾಪ್ಲರ್ ಕೆಲವು ಕಿಲೋಹರ್ಟ್ಝ್ ಆಚೀಚೆ ಮಾಡುತ್ತದೆ. ನಿಮ್ಮ ದನಿ ಹುಡುಕುವಾಗ ಕಳಿಸುವುದನ್ನು ಒಂದೇ ಕಡೆ ನಿಲ್ಲಿಸಿ, ಕೇಳುವ ಡಯಲ್ ಮಾತ್ರ ಆಡಿಸಿ. ಕಳಿಸುವ ಡಯಲ್ ಆಡಿಸಿದರೆ ದಾರಿಯಲ್ಲಿ ಮಾತಾಡುತ್ತಿರುವ ಎಲ್ಲರ ಮೇಲೂ ಹಾದು ಹೋಗುತ್ತೀರಿ. ಪವರ್ ಹೆಚ್ಚಿಸುವ ಆಸೆ ಇಲ್ಲಿ ಇನ್ನೂ ಅಪಾಯ: ಹಲವರ ಮಾತನ್ನು ಒಟ್ಟಿಗೆ ದಾಟಿಸುವ ಟ್ರಾನ್ಸ್‌ಪಾಂಡರ್ ಇರುವ ಶಕ್ತಿಯನ್ನೇ ಎಲ್ಲರಿಗೂ ಹಂಚುತ್ತದೆ, ಒಬ್ಬರು ಅಬ್ಬರಿಸಿದರೆ ಉಳಿದವರೆಲ್ಲ ಕುಗ್ಗುತ್ತಾರೆ. ಬೀಕನ್, ಅಂದರೆ ಉಪಗ್ರಹ ತಾನೇ ಬಿಡುವ ಗುರುತಿನ ಸಿಗ್ನಲ್, 435.605ರಲ್ಲಿದೆ. ನಿಮ್ಮ ಸಿಗ್ನಲ್ ಅದಕ್ಕಿಂತ ಜೋರಾಗಿದ್ದರೆ ಇಳಿಸಿ.

ಓಡುವ ಉಪಗ್ರಹದ ಹಿಂದೆ ಓಡಲು ಮನಸ್ಸಿಲ್ಲದವರಿಗೆ ಕ್ಯೂಓ-100 ಇದೆ, 2018ರ ನವೆಂಬರಿನಲ್ಲಿ ಹಾರಿದ ಕತಾರಿನ ಸ್ಥಿರ ಉಪಗ್ರಹದ ಮೇಲಿರುವ ಹ್ಯಾಮ್ ಟ್ರಾನ್ಸ್‌ಪಾಂಡರ್. ಬೆಂಗಳೂರಿನಿಂದ ನೋಡಿದರೆ ಪಶ್ಚಿಮಕ್ಕೆ, ಹತ್ತು ಡಿಗ್ರಿ ದಕ್ಷಿಣಕ್ಕೆ ವಾಲಿ, 30 ಡಿಗ್ರಿ ಎತ್ತರದಲ್ಲಿ ಹಗಲೂ ರಾತ್ರಿ ಅಲ್ಲೇ. ಡಿಟಿಎಚ್‌ನ ಹಳೆಯ ಡಿಶ್, 9750 ಮೆಗಾಹರ್ಟ್ಝ್ ಆಸಿಲೇಟರ್ ಇರುವ ಯೂನಿವರ್ಸಲ್ ಎಲ್‌ಎನ್‌ಬಿ (ಡಿಶ್ ಮುಂದೆ ಕೂರುವ ರಿಸೀವರ್ ತಲೆ), ಎಸ್‌ಡಿಆರ್ ಡಾಂಗಲ್ ಇದ್ದರೆ 739.5 ಮೆಗಾಹರ್ಟ್ಝ್ ಸುತ್ತ ಕೇಳಿಸುತ್ತದೆ. ಡಿಶ್ ಜತೆ ಬಂದ ಎಲ್‌ಎನ್‌ಬಿ ಇದಕ್ಕೆ ಹೊಂದಲೇಬೇಕೆಂದಿಲ್ಲ, ಅದರ ಮೇಲಿನ ಚೀಟಿ ಓದಿ. ಇದರ ಅಪ್‌ಲಿಂಕ್ 2400 ಮೆಗಾಹರ್ಟ್ಝ್‌ನಲ್ಲಿ. ಅಲ್ಲಿ ಕಳಿಸುವ ಮುಂಚೆ ಮತ್ತೆ ಲೈಸೆನ್ಸ್ ತೆಗೆದು ನೋಡಿ.

ಲಾಗ್ ಬರೆಯುವುದನ್ನು ಪಾಸ್ ನಡೆಯುವಾಗ ಮಾಡಲು ಹೋಗಬೇಡಿ, ಮೂರನೇ ಕೈ ಇಲ್ಲ. ರೆಕಾರ್ಡಿಂಗ್ ಓಡುತ್ತಿರಲಿ. ಕೆಳಗಿಳಿದು ಕಾಫಿ ಕುಡಿಯುತ್ತಾ ಅದನ್ನು ಕೇಳಿ ಕಾಲ್‌ಸೈನ್‌ಗಳನ್ನು ಬರೆದುಕೊಳ್ಳಿ, ಸಮಯ ಯುಟಿಸಿಯಲ್ಲಿ.